ಕೂಸು ಹುಟ್ಟುವ ಮೊದಲೇ ಕುಲಾವಿ

ಗ್ಯಾರಂಟಿ ಎಂಬ ಶಬ್ದ ನಮ್ಮ ಕಡೆಯ ಮನೆಗಳಿಗೆ ಪ್ರೆಶರ್ ಕುಕ್ಕರಿನ ಜೊತೆಗೇ ಬಂದಿರಬೇಕು. ಅದಕ್ಕೂ ಮೊದಲು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಓಣಿಗೆ ಬಂದಾಗ, "ಎಷ್ಟ ದಿನಾ ಬರತೈತೋ ತಮ್ಮಾ ಇದು?" ಎಂದು ಕೇಳಿದರೆ, "ನೀವು ತಿಕ್ಕಿದಂಗ ಬರತೈತ್ರೀ ಅವ್ವಾರ" ಎನ್ನುತ್ತಿದ್ದನಂತೆ. ಬರೆದುಕೊಡುವುದು, ಸಹಿ ಹಾಕುವುದು ಏನೂ ಇರಲಿಲ್ಲ. ಕುಕ್ಕರು ಬಂದಾಗ ಅದರ ಹೊಟ್ಟೆಯೊಳಗೆ ಒಂದು ಕಾರ್ಡೂ ಬಂತು. ಮೇಲೆ ಐದು ವರ್ಷ ಎಂದು ದಪ್ಪ ಅಕ್ಷರ, ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ. ಗ್ಯಾಸ್ಕೆಟ್ಟು, ಸೀಟಿ, ವಾಲ್ವು, ಹಿಡಿಕೆ ಇವು ಗ್ಯಾರಂಟಿಯಲ್ಲಿ ಸೇರಿಲ್ಲ ಎಂದು ಆ ಇರುವೆ ಸಾಲು ಹೇಳುತ್ತಿತ್ತು. ಕುಕ್ಕರಿನಲ್ಲಿ ಕೆಡುವುದಾದರೂ ಇನ್ನೇನು? ಉಳಿದ ಪಾತ್ರೆ ಮೊಮ್ಮಕ್ಕಳ ಕಾಲಕ್ಕೂ ಬರುವಂಥದ್ದೇ.

ಆಮೇಲೆ ಮಿಕ್ಸರ್ ಬಂತು, ಫ್ರಿಜ್ಜು ಬಂತು, ಟೀವಿ ಬಂತು. ಒಂದೊಂದರ ಜೊತೆಗೂ ಒಂದೊಂದು ಕಾರ್ಡು. ಅವನ್ನೆಲ್ಲ ಟ್ರಂಕಿನ ತಳದಲ್ಲಿ ಸೀರೆ ಮಡಿಕೆಗಳ ನಡುವೆ ಜೋಪಾನವಾಗಿಟ್ಟು, ಬೇಕಾದ ದಿನ ಸಿಗದೆ ಮನೆಯೆಲ್ಲ ಹುಡುಕುವುದು ನಮ್ಮೆಲ್ಲರ ಸಂಸಾರದ ಒಂದು ಅಧ್ಯಾಯ. ಆದರೆ ಆ ಕಾರ್ಡುಗಳಿಗೆ ನಾವು ಬೇರೆ ದುಡ್ಡು ಕೊಡುತ್ತಿರಲಿಲ್ಲ. ಈಗ ಕಾಲ ಮುಂದೆ ಹೋಗಿದೆ. ವಸ್ತುವಿಗೆ ಒಂದು ಬೆಲೆ, ಅದು ಕೆಟ್ಟೀತೆಂಬ ನಮ್ಮ ಭಯಕ್ಕೆ ಇನ್ನೊಂದು ಬೆಲೆ. ಕಾರು ಕೊಳ್ಳಲು ಹೋದರೆ ಈ ಎರಡನೆಯ ಬೆಲೆಗೆ ಎಕ್ಸ್‌ಟೆಂಡೆಡ್ ವಾರಂಟಿ ಎಂದು ಹೆಸರು.

ನಮ್ಮದು ಭೋಜ. ದೂಧಗಂಗಾ, ವೇದಗಂಗಾ ಎರಡೂ ಕೂಡುವಲ್ಲಿ ಇರುವ ಊರು. ಆಚಾರ್ಯ ಶಾಂತಿಸಾಗರ ಮಹಾರಾಜರ ಊರೆಂದು ಜೈನ ಬಂಧುಗಳು ದೂರದೂರದಿಂದ ಬಂದು ಕೈಮುಗಿದು ಹೋಗುತ್ತಾರೆ. ಸುತ್ತ ಕಬ್ಬು, ತಂಬಾಕು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಬಜಾರಕ್ಕೆ ನಿಪ್ಪಾಣಿ, ದೊಡ್ಡ ದವಾಖಾನೆಗೆ ಕೊಲ್ಹಾಪುರ. ನಮ್ಮ ಮಾವನವರಿಗೆ ಎರಡು ವರ್ಷದಿಂದ ವಾರಕ್ಕೆರಡು ಸಲ ಕೊಲ್ಹಾಪುರದಲ್ಲಿ ಡಯಾಲಿಸಿಸ್. ಹೋಗಿಬರುವಷ್ಟರಲ್ಲಿ ನೂರು ಕಿಲೋಮೀಟರಿನ ಆಸುಪಾಸು. ಬಾಡಿಗೆ ಗಾಡಿಗೆ ಒಂದು ಸಲಕ್ಕೆ 1,800 ರೂಪಾಯಿ. ಅದೂ ಮದುವೆ ಸೀಜನ್ನಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಕಾರು ಕೊಳ್ಳುವ ವಿಚಾರ ನಮಗೆ ಶೋಕಿಗಾಗಿ ಬಂದದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಆಗ ಇವರು ಲೆಕ್ಕ ಹಾಕಿ ಧೈರ್ಯ ಮಾಡಿದರು. ಸಾಲ ನನ್ನ ಸಂಬಳದ ಮೇಲೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೈಯಲ್ಲಿದ್ದ ಉಳಿತಾಯವೆಲ್ಲ ಮೊದಲ ಕಂತಿಗೇ ಹೋಯಿತು.

ಶೋರೂಮಿನ ಹುಡುಗ ಬಹಳ ನಯವಂತ. ಇವರಿಗೆ ಎಂಜಿನ್ನಿನ ವಿಷಯ ಹೇಳಿದ, ನನಗೆ ಬಣ್ಣದ ವಿಷಯ ಹೇಳಿದ, ಅತ್ತೆಯವರಿಗೆ ತಂಪು ಶರಬತ್ತು ಕೊಟ್ಟ. ಕೊನೆಗೆ ಒಂದು ಹಾಳೆ ತಂದ. ಅದರ ತಳದಲ್ಲಿ ಎರಡು ಸಾಲುಗಳ ಮುಂದೆ ನಾವು ಹೇಳುವ ಮೊದಲೇ ಸರಿ ಗುರುತು ಬಿದ್ದಿತ್ತು. ನಾಲ್ಕನೆಯ ಮತ್ತು ಐದನೆಯ ವರ್ಷಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ 16,500 ರೂಪಾಯಿ, ಸರ್ವಿಸ್ ಪ್ಯಾಕೇಜು 14,000 ರೂಪಾಯಿ.

"ಸರ್, ಜಿಎಸ್‌ಟಿ ಇಳದಿದ್ದರಾಗss ಇದು ಬಂದು ಹೋಗತೈತ್ರಿ. ಲೋನಿನಾಗ ಕೂಡಿಸಿ ಬಿಟ್ಟರ ವಾರಂಟಿದು ತಿಂಗಳಿಗೆ 265 ರೂಪಾಯಿ ಅಷ್ಟss. ನಿಮಗ ಗೊತ್ತೂ ಆಗೂದಿಲ್ಲ" ಎಂದ.

ಅತ್ತೆಯವರು ಶರಬತ್ತಿನ ಲೋಟ ಕೆಳಗಿಟ್ಟು ನನ್ನ ಕಿವಿಯಲ್ಲಿ, "ಅಲ್ಲವಾ, ಹೊಸಾ ಗಾಡಿ ಕೆಡತೈತಂತ ಮಾರಾವ್ರss ಹೇಳಾಕತ್ತಾರಲ್ಲ! ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗಾತು" ಎಂದರು. ಕಿವಿಯಲ್ಲಿ ಹೇಳಿದ್ದು ಶೋರೂಮಿಗೆಲ್ಲ ಕೇಳಿಸಿತು. ಹುಡುಗ ನಕ್ಕ. ನಾನು ಆ ಹಾಳೆಯ ಜೊತೆ ವಾರಂಟಿಯ ಪುಸ್ತಕವನ್ನೂ ಕೇಳಿ ತೆಗೆದುಕೊಂಡೆ. "ಮ್ಯಾಡಮ್, ಇದನ್ನ ಯಾರೂ ಓದೂದಿಲ್ಲರಿ" ಎಂದ ಆತ. ಮಕ್ಕಳ ಉತ್ತರಪತ್ರಿಕೆ ಓದಿ ಬದುಕುವವಳಿಗೆ ಇಂಥ ಮಾತು ಹೇಳಬಾರದು. ಪಾಪ, ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಓದಿದಾಗ ಮೊದಲು ತಿಳಿದದ್ದು, ನಾವು ಒಂದೇ ಎಂದುಕೊಂಡದ್ದು ಮೂರು ಬೇರೆ ಬೇರೆ ಕಾಗದಗಳು ಎಂಬುದು. ಅಕ್ಕತಂಗಿಯರೇ, ಇಷ್ಟನ್ನು ಮಾತ್ರ ನೆನಪಿಡಿ. ವಾರಂಟಿ ಎಂದರೆ ಗಾಡಿಯ ಭಾಗವೊಂದು ತಯಾರಿಕೆಯ ದೋಷದಿಂದ ತಾನಾಗಿ ಕೆಟ್ಟರೆ ರಿಪೇರಿ ಮಾಡಿಕೊಡುತ್ತೇವೆಂಬ ಮಾತು. ಸರ್ವಿಸ್ ಪ್ಯಾಕೇಜು ಎಂದರೆ ಎಣ್ಣೆ, ಫಿಲ್ಟರು, ಕೂಲಿ ಇವುಗಳ ದುಡ್ಡನ್ನು ಮುಂಗಡವಾಗಿ ಕಟ್ಟುವುದು. ಅದು ಕೆಟ್ಟದ್ದನ್ನು ರಿಪೇರಿ ಮಾಡುವುದಿಲ್ಲ. ಇನ್ಶುರನ್ಸು ಎಂದರೆ ಹೊರಗಿನಿಂದ ಬರುವ ಆಪತ್ತಿಗೆ. ಡಿಕ್ಕಿ, ಕಳವು, ಬೆಂಕಿ, ನೆರೆ. ಮೂರಕ್ಕೂ ಒಂದೇ ಮೇಜಿನ ಮೇಲೆ ಸಹಿ ಮಾಡಿಸಿಕೊಳ್ಳುವುದರಿಂದ ನಮಗೆ ಎಲ್ಲವೂ ಸೇರಿ "ಏನಾದರೂ ಆದರೆ ಅವರು ನೋಡಿಕೊಳ್ಳುತ್ತಾರೆ" ಎಂಬಂತೆ ಕಾಣುತ್ತದೆ.

ಎಕ್ಸ್‌ಟೆಂಡೆಡ್ ವಾರಂಟಿಯೆಂದರೆ ಮೊದಲನೆಯ ಕಾಗದವನ್ನೇ ಒಂದೆರಡು ವರ್ಷ ಎಳೆಯುವುದು. ಕಾರಿನ ಬೆಲೆಯಲ್ಲೇ ಸೇರಿ ಬರುವ ಮೂಲ ವಾರಂಟಿ ಈಗ ಮೊದಲಿಗಿಂತ ಉದ್ದವಾಗಿದೆ. ಮಾರುತಿ ಸುಜುಕಿಯವರು 2 ವರ್ಷ ಅಥವಾ 40,000 ಕಿಲೋಮೀಟರ್ ಇದ್ದದ್ದನ್ನು 2024ರ ಜುಲೈನಲ್ಲಿ 3 ವರ್ಷ ಅಥವಾ 1,00,000 ಕಿಲೋಮೀಟರಿಗೆ ಏರಿಸಿದರು. ಈ "ಅಥವಾ" ಎಂಬ ಪದದ ಮೇಲೆ ಕಣ್ಣಿಡಬೇಕು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ದಿನಾ ಚಿಕ್ಕೋಡಿ-ಬೆಳಗಾವಿ ಓಡಾಡುವವರಿಗೆ ಕಿಲೋಮೀಟರು ಮೊದಲು ಮುಗಿದೀತು. ನಮ್ಮದು ವಾರಕ್ಕೆ ಎರಡು ಕೊಲ್ಹಾಪುರ, ವರ್ಷಕ್ಕೆ ಹತ್ತು ಸಾವಿರ, ಊರಿನ ಓಡಾಟ ಸೇರಿ ಹದಿಮೂರು. ನಮ್ಮ ಗಾಡಿಗೆ ವರ್ಷವೇ ಮೊದಲು ಮುಗಿಯುವುದು. ಅಂದರೆ ಅವರು ಕೇಳುತ್ತಿದ್ದ 16,500 ರೂಪಾಯಿ ಕೆಲಸಕ್ಕೆ ಬರುವುದು ಮೂರು ವರ್ಷ ಕಳೆದ ಮೇಲೆ. ಸಾಲದಲ್ಲಿ ಕೂಡಿಸಿದರೆ ಬಡ್ಡಿ ಮಾತ್ರ ಇವತ್ತಿನಿಂದಲೇ!

ಆ 265 ರೂಪಾಯಿಯ ಲೆಕ್ಕ ನೋಡಿ. ಬ್ಯಾಂಕಿನ ಸಾಲ ಏಳು ವರ್ಷದ್ದು, ಬಡ್ಡಿ ಶೇ. 9. ಏಳು ವರ್ಷವೆಂದರೆ 84 ಕಂತು. 265ನ್ನು 84ರಿಂದ ಗುಣಿಸಿದರೆ 22,260. ಹದಿನಾರೂವರೆ ಸಾವಿರದ್ದು ಇಪ್ಪತ್ತೆರಡು ಸಾವಿರವಾಯಿತು. ಗೊತ್ತೂ ಆಗುವುದಿಲ್ಲ ಎಂದು ಹುಡುಗ ಹೇಳಿದ್ದು ಸುಳ್ಳಲ್ಲ. ಸೋರುವ ಕೊಡದ ನೀರು ಹೋಗುವುದೂ ಹಾಗೆಯೇ, ಗೊತ್ತಾಗುವುದಿಲ್ಲ.

ಇನ್ನು ಸಣ್ಣ ಅಕ್ಷರದ ಸಾಲುಗಳು. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ವೈಪರು, ಟಾಯರು, ರಬ್ಬರಿನ ಸಾಮಾನು ಸವೆಯುವ ವಸ್ತುಗಳು, ಸೇರಿಲ್ಲ. ಬ್ಯಾಟರಿಗೆ ಬ್ಯಾಟರಿ ಕಂಪನಿಯ ಬೇರೆ ವಾರಂಟಿ. ಇಲಿ ವಾಯರು ಕಡಿದರೆ ಸೇರಿಲ್ಲ. ಹೊರಗೆ ವಾಯರು ಕತ್ತರಿಸಿ ಟೇಪು, ಲೈಟು, ಗ್ಯಾಸಿನ ಕಿಟ್ಟು ಹಾಕಿಸಿದರೆ ಅದರಿಂದಾದ ಕೇಡು ಸೇರಿಲ್ಲ. ಸರ್ವಿಸಿನ ವಾಯಿದೆ ತಪ್ಪಿದರೆ ತಕರಾರು. ನೀರು ಹೊಕ್ಕರೆ ಸೇರಿಲ್ಲ. ಕಬ್ಬಿನ ಗದ್ದೆಗಳ ನಡುವೆ, ಎರಡು ನದಿಗಳ ಮಗ್ಗುಲಲ್ಲಿ, ಇಲಿ ಹೆಗ್ಗಣಗಳ ನೆರೆಹೊರೆಯಲ್ಲಿ ಬದುಕುವ ನಮಗೆ ಆ ಪುಟ ಓದುವಾಗ ಕುಕ್ಕರಿನ ಗ್ಯಾಸ್ಕೆಟ್ಟು ನೆನಪಾಯಿತು.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮಳೆಗಾಲದಲ್ಲಿ ದೂಧಗಂಗೆಯ ಕಾರದಗಾ-ಭೋಜ ಸೇತುವೆ, ವೇದಗಂಗೆಯ ಭೋಜವಾಡಿ-ಕುನ್ನೂರ ಸೇತುವೆ ಮುಳುಗಿದವೆಂಬ ಸುದ್ದಿ ಪೇಪರಿನಲ್ಲಿ ಬರುವುದು ನಮಗೆ ಹಬ್ಬದ ಸುದ್ದಿಯಷ್ಟೇ ರೂಢಿ. 2019ರ ಆಗಸ್ಟಿನಲ್ಲಿ ಮಾತ್ರ ರೂಢಿಯ ಮಾತಿರಲಿಲ್ಲ. ಯಮಗರ್ಣಿಯ ಬಳಿ ಹೆದ್ದಾರಿಯ ಮೇಲೇ ವೇದಗಂಗೆ ಹರಿದಳು. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಕಾರು ಆಗ ಮನೆ ಮುಂದೆ ಎರಡು ದಿನ ನೀರಿನಲ್ಲಿ ನಿಂತಿತ್ತು. ಅವರಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಇತ್ತು, ಇನ್ಶುರನ್ಸೂ ಇತ್ತು. ನೀರು ಇಳಿದ ಮೇಲೆ ಅವರ ಮಗ ಗಾಡಿ ಚಾಲು ಆಗುತ್ತದೇನೋ ನೋಡೋಣವೆಂದು ಕೀಲಿ ತಿರುಗಿಸಿದ. ಒಳಗೆ ನೀರಿದ್ದ ಎಂಜಿನ್ನು ಅಲ್ಲಿಗೆ ಮುಗಿಯಿತು. ವಾರಂಟಿಯವರು ಇದು ನೆರೆ ಎಂದರು. ಇನ್ಶುರನ್ಸಿನವರು ನೀರಿದ್ದ ಗಾಡಿ ಚಾಲು ಮಾಡಿದ್ದರಿಂದ ಎಂಜಿನ್ನು ಹೋಯಿತು, ಎಂಜಿನ್ನಿಗೆಂದು ಇರುವ ಬೇರೆ ರಕ್ಷಣೆ ನೀವು ತೆಗೆದುಕೊಂಡಿಲ್ಲ ಎಂದರು. ಎರಡೂ ಕಾಗದ ಕೈಯಲ್ಲಿ ಹಿಡಿದು ಆಕೆ ಸ್ಟಾಫ್ ರೂಮಿನಲ್ಲಿ ಕೂತ ಚಿತ್ರ ನನ್ನ ಕಣ್ಣಮುಂದಿದೆ.

ಹಾಗೆಂದು ಈ ವಾರಂಟಿಯೆಲ್ಲ ಮೋಸವೆಂದು ತಿಳಿಯಬೇಡಿ. ಅಥಣಿಯಲ್ಲಿರುವ ನಮ್ಮ ವೈನಿಯವರು ಇದನ್ನೇ ಕೊಂಡಿದ್ದರು. ನಾಲ್ಕನೆಯ ವರ್ಷ, ಸುಡುಸುಡು ಏಪ್ರಿಲ್ಲಿನಲ್ಲಿ, ಅವರ ಗಾಡಿಯ ಎ.ಸಿ. ಕಂಪ್ರೆಸರು ಹೋಯಿತು. ಬಿಲ್ಲು ಬರೆದಿದ್ದರೆ ವಾರಂಟಿಗೆ ಕೊಟ್ಟದ್ದಕ್ಕಿಂತ ಜಾಸ್ತಿಯಾಗುತ್ತಿತ್ತು. ಒಂದು ರೂಪಾಯಿ ಕೊಡದೆ ಹೊಸದು ಹಾಕಿಸಿಕೊಂಡು ಬಂದರು. "ಏ, ಕಣ್ಣ ಮುಚ್ಚಿ ತಗೋ ನೀ" ಎಂದು ಫೋನಿನಲ್ಲಿ ನನಗೆ ಹೇಳಿದ್ದೂ ಅವರೇ. ಅವರದು ತಾನೇ ಗೇರು ಬದಲಿಸುವ, ನೂರೆಂಟು ಗುಂಡಿಗಳ ದೊಡ್ಡ ಗಾಡಿ. ಅಂಥದ್ದರಲ್ಲಿ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೂ ರಿಪೇರಿಯ ಮಾತಿಲ್ಲ, ಪೂರಾ ಬದಲಿಸಬೇಕು. ಅವರಿಗೆ ಅದು ತೂಗುತ್ತದೆ. ನಮ್ಮದು ಕೈಯಿಂದ ಗೇರು ಹಾಕುವ ಸಾದಾ ಪೆಟ್ರೋಲ್ ಗಾಡಿ. ಒಬ್ಬರ ಅಳತೆಯ ಕುಪ್ಪಸ ಇನ್ನೊಬ್ಬರಿಗೆ ಆಗುವುದಿಲ್ಲ.

ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಇದೇ ಚರ್ಚೆ. ಇವರು, "ಅಪ್ಪನ್ನ ಕರಕೊಂಡು ಬರೂಮುಂದ ನಡುದಾರ್ಯಾಗ ನಿಂತರ ಏನ ಮಾಡೂದು? ಹೋಗಲಿ, ತಗೊಂಡ ಬಿಡೂನು" ಎಂದರು. ಮಾವನವರು ಹಾಸಿಗೆಯಿಂದಲೇ, "ನನ್ನ ಸಲುವಾಗಿ ಗಾಡಿಗೆ ಸಾಲ ಮಾಡೀರಿ. ಇನ್ನ ಕಾಗದಕ್ಕೂ ಸಾಲ ಮಾಡಬ್ಯಾಡ್ರೋ" ಎಂದರು. ಡಯಾಲಿಸಿಸ್ ಮುಗಿಸಿ ಬರುವಾಗ ಅವರಿಗೆ ಕೂತುಕೊಳ್ಳುವಷ್ಟೂ ತ್ರಾಣ ಇರುವುದಿಲ್ಲ. ಆ ಸ್ಥಿತಿಯಲ್ಲಿ ಹೆದ್ದಾರಿಯ ಬದಿಗೆ ನಿಲ್ಲುವುದನ್ನು ನೆನೆದರೆ ಇವರ ಭಯ ನನಗೂ ಆಯಿತು. ಅಂಥ ಭಯದ ಹೊತ್ತಿನಲ್ಲಿ ಯಾರಾದರೂ ಎಲ್ಲಿ ಬೇಕಾದರೂ ಸಹಿ ಮಾಡಿಯಾರು.

ಆದರೆ ಪುಸ್ತಕವನ್ನು ಮತ್ತೆ ನೋಡಿದೆ. ನಡುದಾರಿಯಲ್ಲಿ ನಿಂತರೆ ಎಳೆದೊಯ್ಯಲು ಬರುವುದು ರೋಡ್‌ಸೈಡ್ ಅಸಿಸ್ಟೆನ್ಸ್ ಎಂಬ ಬೇರೆಯೇ ಸೇವೆ. ನಮ್ಮ ಇನ್ಶುರನ್ಸಿನ ಜೊತೆ ಅದಕ್ಕೆ ತೀರ ಸಣ್ಣ ಮೊತ್ತ. ಇನ್ನು ಗಾಡಿ ವರ್ಕ್‌ಶಾಪಿನಲ್ಲಿ ಭಾಗಕ್ಕಾಗಿ ಕಾಯುತ್ತ ಹತ್ತು ದಿನ ನಿಂತಿತೆನ್ನಿ. ವಾರಂಟಿಯವರು ಭಾಗ ಪುಕ್ಕಟೆ ಹಾಕುತ್ತಾರೆ. ಆ ಹತ್ತು ದಿನದಲ್ಲಿ ಮೂರು ಡಯಾಲಿಸಿಸ್ಸಿಗೆ ಬಾಡಿಗೆ ಗಾಡಿಯ 5,400 ರೂಪಾಯಿ ಯಾರು ಕೊಡಬೇಕು? ನಾವೇ. ಕಾರಿನ ಭಾಗ ಕಾರಿಗೆ ಮುಖ್ಯ. ನಮಗೆ ಮುಖ್ಯವಾದದ್ದು ಮಂಗಳವಾರ ಮತ್ತು ಶುಕ್ರವಾರ ಮಾವನವರು ಕೊಲ್ಹಾಪುರ ಮುಟ್ಟುವುದು. ಅದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಮರುದಿನ ಶಾಲೆಯ ವಿರಾಮದಲ್ಲಿ ಕಂಪನಿಯ ಗ್ರಾಹಕ ಸಂಖ್ಯೆಗೆ ಫೋನು ಮಾಡಿದೆ. ಇವತ್ತೇ ಕೊಳ್ಳಬೇಕೇ ಎಂದು ಕೇಳಿದೆ. ಇಲ್ಲ, ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಬಹುದು, ತಡವಾದಷ್ಟು ದರ ಹೆಚ್ಚು ಎಂದರು. ಮೂರನೆಯ ವರ್ಷದಲ್ಲಿ ಕೊಂಡರೆ ಈಗಿನ ದರದಂತೆ 21,000. ಶೋರೂಮಿನಲ್ಲಿ ಯಾರೂ ಹೇಳದಿದ್ದ ಮಾತು ಇದು. ಎಲ್ಲ ಕಂಪನಿಗಳಲ್ಲೂ ಹೀಗೆಯೇ ಎಂದಲ್ಲ, ನೀವು ನಿಮ್ಮದನ್ನು ಕೇಳಿಕೊಳ್ಳಬೇಕು. ಕೈಯಲ್ಲಿ ನಗದು ಇದ್ದು, ಕೊಳ್ಳುವುದು ಖಂಡಿತವಿದ್ದರೆ ಮೊದಲ ದಿನವೇ ಅಗ್ಗ. ನಮ್ಮಂತೆ ಸಾಲದಲ್ಲಿ ಕೂಡಿಸುವವರಿಗೆ ಇವತ್ತಿನ 22,260ಕ್ಕಿಂತ ಮೂರನೆಯ ವರ್ಷದ 21,000ವೇ ಕಡಿಮೆ. ಅಷ್ಟರಲ್ಲಿ ಗಾಡಿಯ ಗುಣವೂ ಗೊತ್ತಾಗಿರುತ್ತದೆ.

ಹೀಗಾಗಿ ಮನೆಯಲ್ಲಿ ಮೂರು ನಿರ್ಣಯಗಳಾದವು. ಸರ್ವಿಸ್ ಪ್ಯಾಕೇಜು ಬೇಡ. ಮೊದಲ ಮೂರು ಸರ್ವಿಸಿಗೆ ಕೂಲಿಯಿಲ್ಲವೆಂದು ನಮ್ಮ ಪುಸ್ತಕದಲ್ಲೇ ಇತ್ತು. ಇನ್ಶುರನ್ಸಿನಲ್ಲಿ ಎಂಜಿನ್ ರಕ್ಷಣೆ ಮತ್ತು ದಾರಿಯ ಸಹಾಯ ಬೇಕೇಬೇಕು. ಎರಡು ನದಿಗಳ ಊರಿನವರು ಅದನ್ನು ಬಿಡುವ ಹಾಗಿಲ್ಲ. ಅದಿದ್ದರೂ ನೀರು ಹೊಕ್ಕ ಗಾಡಿಯ ಕೀಲಿ ತಿರುಗಿಸಬಾರದು, ಎಳೆಸಿಕೊಂಡೇ ಹೋಗಬೇಕು ಎಂದು ಮಗನಿಗೂ ಇವರಿಗೂ ಪಾಠ ಹೇಳಿದೆ. ಇನ್ನು ಎಕ್ಸ್‌ಟೆಂಡೆಡ್ ವಾರಂಟಿ ಈಗ ಬೇಡ. ಅದರ ಬದಲು ತಿಂಗಳಿಗೆ 600 ರೂಪಾಯಿಯಂತೆ ಮೂರು ವರ್ಷದ ಆರ್‌.ಡಿ. ಭಿಶಿಗೆ ಕಟ್ಟಿ ಅಭ್ಯಾಸವಿದ್ದವಳಿಗೆ ಇದೇನು ಭಾರವಲ್ಲ. 36 ತಿಂಗಳಿಗೆ 21,600, ಬಡ್ಡಿ ಬೇರೆ. ಆಗ ವಾರಂಟಿ ಬೇಕೆನಿಸಿದರೆ ಕೊಳ್ಳಲು ದುಡ್ಡಿದೆ. ಬೇಡವೆನಿಸಿದರೆ ಅದೇ ರಿಪೇರಿಯ ಗಂಟು. ಇಲಿ ಕಡಿದ ವಾಯರಿಗೂ ಆದೀತು, ಬಾಡಿಗೆ ಗಾಡಿಗೂ ಆದೀತು. ಗಾಡಿ ಕೆಡದೇ ಹೋದರೆ ಮಾವನವರ ಔಷಧಕ್ಕಾದೀತು. ಕಂಪನಿಗೆ ಕಟ್ಟಿದ ದುಡ್ಡು ಗಾಡಿ ಕೆಡದಿದ್ದರೆ ಹೋಯಿತು. ಆದರೆ ಒಂದು ಮಾತು, ಆ ಗಂಟಿಗೆ ಕೈಹಾಕುವ ಸ್ವಭಾವದವರು, ಅಥವಾ ಐವತ್ತು ಸಾವಿರದ ಬಿಲ್ಲು ಒಮ್ಮೆಲೇ ಬಂದರೆ ಬಂಗಾರ ಒತ್ತೆಯಿಡಬೇಕಾದವರು, ಗಾಡಿಯಿಂದಲೇ ಹೊಟ್ಟೆ ಹೊರೆಯುವವರು, ಅವರಿಗೆ ವಾರಂಟಿಯೇ ಒಳ್ಳೆಯದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೊಂಡವರು ಬಿಲ್ಲುಗಳನ್ನು ಒಂದೇ ಫೈಲಿನಲ್ಲಿ ಇಡಬೇಕು. ಹೊರಗಿನ ಗ್ಯಾರೇಜಿಗೆ ಹೋದರೆ ಸಾರಾಸಗಟು ವಾರಂಟಿ ರದ್ದು ಎಂಬ ಷರತ್ತು ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲೇ ಹೇಳಿ, ಬಿಡಿಭಾಗಗಳ ವಿಷಯದಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಆ ದೊಡ್ಡವರ ಜಗಳ ಏನೇ ಇರಲಿ, ನಮ್ಮ ಕೈಯಲ್ಲಿ ಸಿಕ್ಕಿನ ಬಿಲ್ಲಿದ್ದರೆ ನಮ್ಮ ಮಾತಿಗೆ ತೂಕ. ಅನ್ಯಾಯವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ನಾನು ಪುಸ್ತಕ ಪೂರಾ ಓದಿ ನಿರ್ಣಯ ಮಾಡಿದೆನೆಂಬ ಸುದ್ದಿಯನ್ನು ಅತ್ತೆಯವರು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಮುಂದಿನ ಭಿಶಿಯ ದಿನ ನೋಡಿದರೆ ಚಹದ ಕಪ್ಪುಗಳ ಜೊತೆ ಕಾಗದಗಳೂ ಬಂದಿವೆ. ಒಬ್ಬಾಕೆಯ ವಾಷಿಂಗ್ ಮಶೀನಿನದು, ಇನ್ನೊಬ್ಬಾಕೆಯ ಇನ್ವರ್ಟರಿನದು. ಬೀಡಿ ಕಟ್ಟಿ ಕೂಡಿಸಿದ ದುಡ್ಡಿನಲ್ಲಿ ಮಗನಿಗೆ ಮಾಲು ಸಾಗಿಸುವ ಸಣ್ಣ ಟೆಂಪೋ ಕೊಡಿಸಲು ಹೊರಟಿದ್ದ ಹಿರಿಯಳೊಬ್ಬಳು ಹಾಳೆಯನ್ನು ನನ್ನ ಕೈಯಲ್ಲಿಟ್ಟಳು. ಓದು ಬಾರದ ಹೆಣ್ಣುಮಗಳು.

"ಇದರಾಗ ಏನೇನೈತಿ ಅನ್ನೂದು ಅವರು ಎಲ್ಲಾ ಹೇಳ್ಯಾರ್ರೀ ಬಾಯಾರ" ಎಂದಳು. "ಏನೇನಿಲ್ಲ ಅನ್ನೂದು ಅಷ್ಟ ಓದಿ ಹೇಳ್ರಿ."